ಆಳ ಸೊನ್ನೆ

ಜೂನ್ ೨

ಶೀತಮರುಭೂಮಿಯ ಮಣ್ಣಿನಲ್ಲಿ ಅನಾದಿಕಾಲದಿಂದ ವಾಸವಾಗಿರುವ, ಉಣ್ಣದ, ಉಡದ, ಉಸಿರಾಡದ, ಬದುಕಿದ್ದೀರೋ ಇಲ್ಲವೋ ಎಂದು ಪಂಡಿತರು ಇಂದಿಗೂ ಕಿತ್ತಾಡುತ್ತಿರುವ, ಬ್ಯಾಕ್ಟೀರಿಯಾ ಕುಲಕಂಟಕರಾದ, ಸೂಕ್ಷ್ಮಾತಿಸೂಕ್ಷ್ಮ ವೈರಾಣು ಮಹಾಪ್ರಭುಗಳ ಸಮಸ್ತ ವಂಶ, ಉಪವಂಶ ಹಾಗೂ ಇನ್ನೂ ಹೆಸರಿಡದ ವಂಶಗಳ ಪಾದಾರವಿಂದಗಳಿಗೆ, ಪಾದವಿಲ್ಲದೆ ಬಾಲ ಮಾತ್ರ ಇರುವವರಾದರೆ ಬಾಲಾರವಿಂದಗಳಿಗೆ, ಪ್ರಯೋಗಾಲಯದ ಕಿರಿಯ ಸಂಶೋಧಕಿಯೂ ಮನೆಯ ಕಿರಿಮಗಳೂ ಎರಡೂ ಕಡೆ 'ಕೋತಿ' ಎಂದೇ ಖ್ಯಾತಳೂ ಆದ ನಾನು ಸಾಷ್ಟಾಂಗ ನಮಸ್ಕರಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ನನಗೆ ಅನ್ಯಾಯವಾಗಿದೆ.

ವಿವರ ಇಷ್ಟು. ಮಳೆ ಬೀಳದ, ಮರ ಬೆಳೆಯದ, ಬೇಸಿಗೆಯಲ್ಲೂ ಬೆಳಗಿನ ಹೊತ್ತು ನೀರು ಹೆಪ್ಪುಗಟ್ಟುವ ನಿಮ್ಮ ಎತ್ತರದ ಬಯಲಿಗೆ ಹೋಗಿ ಮಣ್ಣು ತರಬೇಕು. ಆ ಮಣ್ಣಿನಲ್ಲಿ ತಾವು ಎಷ್ಟು ಬಗೆಯವರಿದ್ದೀರಿ ಎಂದು ತಿಳಿಯುವುದೇ ನಮ್ಮ ಪ್ರಯೋಗಾಲಯದ ಪರಮ ಗುರಿ. ಜೀಪಿನಲ್ಲಿ ನಮಗೆ ಸಿಗುವುದು ಒಂದೇ ಸೀಟು. ಎರಡು ವರ್ಷದಿಂದ ಆ ಸೀಟಿನ ಮೇಲೆ ಮನಸ್ಸಿನಲ್ಲೇ ಟವೆಲ್ ಹಾಕಿ ಕೂತವಳು ನಾನು. ಇವತ್ತಿನ ಸಭೆಯಲ್ಲಿ ದೊಡ್ಡ ಮೇಡಂ ಕನ್ನಡಕ ಒರೆಸಿಕೊಳ್ಳುತ್ತಾ, "ಈ ಸಲ ನಿಮ್ಮತ್ತಿಗೆ ಹೋಗಿಬರಲಿ ಬಿಡು. ಅವಳಿಗೆ ಅನುಭವ ಇದೆ. ನಿನಗೇನು, ಇನ್ನೂ ಚಿಕ್ಕೋಳು," ಎಂದರು.

ಅತ್ತಿಗೆಯವರು ಅಣ್ಣನನ್ನು ಮದುವೆಯಾಗಿ ನಾಲ್ಕು ತಿಂಗಳು. ಅದಕ್ಕೆ ಮುಂಚೆ ಬೇರೊಂದು ಊರಿನ ಪ್ರಯೋಗಾಲಯದಲ್ಲಿ ಇದೇ ಮಣ್ಣು, ಇದೇ ವೈರಾಣು ಎಂದು ಒದ್ದಾಡುತ್ತಿದ್ದವರು. ಮದುವೆಯಾದ ಮೇಲೆ ಅವರ ಕೆಲಸಕ್ಕೇನು ಗತಿ ಎಂದು ಅಣ್ಣ ತಲೆ ಕೆರೆದುಕೊಳ್ಳುತ್ತಿದ್ದಾಗ, "ನಮ್ಮಲ್ಲೇ ಒಂದು ಜಾಗ ಇದೆ, ಮೇಡಂಗೆ ನಾನು ಹೇಳ್ತೀನಿ," ಎಂದ ಪರೋಪಕಾರಿ ಯಾರು? ನಾನೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದೆ. ಮನೆಗಷ್ಟೇ ಸಾಲದು ಎಂದು ಆಫೀಸಿಗೂ ಕರೆದೆ.

ಲೋಕದಲ್ಲಿ ಅತ್ತಿಗೆಗೆ ನಾದಿನಿಯ ಕಾಟ ಎನ್ನುತ್ತಾರೆ. ನಾದಿನಿಗೆ ಅತ್ತಿಗೆಯ ಒಳ್ಳೆಯತನದ ಕಾಟ ಎಂಬುದೂ ಒಂದಿದೆ. ಅದಕ್ಕಿನ್ನೂ ಗಾದೆ ಹುಟ್ಟಿಲ್ಲ.

ಜೂನ್ ೫

ಮಹಾಪ್ರಭುಗಳೇ, ತಮ್ಮಲ್ಲಿ ಎರಡು ಪಂಗಡ. ಬ್ಯಾಕ್ಟೀರಿಯಾದ ಒಳಗೆ ನುಗ್ಗಿ, ಮರಿ ಹಾಕಿ, ಗೋಡೆ ಒಡೆದು ಹೊರಬರುವ ರೌಡಿಗಳು ಒಂದು. ಮೆಲ್ಲಗೆ ಒಳಬಂದು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಮನೆಯವರ ಡಿಎನ್‌ಎ ಸಾಲಿನಲ್ಲೇ ತಮ್ಮದೂ ಒಂದು ಸಾಲು ಸೇರಿಸಿ ಸುಮ್ಮನೆ ಕೂರುವ ಸಜ್ಜನರು ಇನ್ನೊಂದು. ಮನೆಯವರು ಎರಡಾದರೆ ಇವರೂ ಎರಡಾದರು. ಯಾರಿಗೂ ಅನುಮಾನ ಬರುವುದಿಲ್ಲ.

ಅತ್ತಿಗೆಯವರು ಎರಡನೆಯ ಪಂಗಡ. ಅಮ್ಮ ಈಗ ನನ್ನ ನೀಲಿ ಲೋಟದಲ್ಲಿ ಅವರಿಗೆ ಚಹಾ ಕೊಡುತ್ತಾಳೆ. ಕೇಳಿದರೆ, "ನಿನ್ನ ಹೆಸರು ಬರೆದಿದೆಯಾ ಅದರ ಮೇಲೆ?" ಎನ್ನುತ್ತಾಳೆ. ಅಣ್ಣ ಮೊದಲು ಆಫೀಸಿನ ಜಗಳಗಳನ್ನೆಲ್ಲ ನನಗೆ ಹೇಳುತ್ತಿದ್ದ. ಈಗ ನಾನು ಬಾಗಿಲಲ್ಲಿ ನಿಂತರೆ, "ಏನು ಬೇಕಿತ್ತು?" ಎನ್ನುತ್ತಾನೆ, ಅಂಗಡಿಯವನ ಹಾಗೆ.

ಈ ಸಂಗತಿಯನ್ನು ವಿಜ್ಞಾನದ ಚರ್ಚೆಯ ನೆಪದಲ್ಲಿ ಅತ್ತಿಗೆಯವರಿಗೇ ಚುಚ್ಚಿದೆ. ಅವರು ಹೊರಡಲು ಚೀಲ ತುಂಬುತ್ತಿದ್ದರು.

"ಆ ಒಳಸೇರುವ ವೈರಸ್‌ಗಳು ಇವೆಯಲ್ಲ ಅತ್ತಿಗೆ, ಭಾರೀ ನಯವಂಚಕರು ಅನ್ಸತ್ತೆ ನನಗೆ."

"ಯಾಕೆ ಪಾಪ? ಒಳಗೆ ಸೇರಿದ್ದು ಬೇರೆ ವೈರಸ್ ಬರೋಕೆ ಬಿಡಲ್ಲ. ಮನೆ ಕಾಯತ್ತೆ." ಸಾಕ್ಸ್ ಮಡಚುತ್ತಲೇ ಹೇಳಿದರು. "ಕೋತಮ್ಮ, ಈ ಉಣ್ಣೆ ಟೋಪಿ ಯಾರದು? ಎಷ್ಟು ಬೆಚ್ಚಗಿದೆ."

"ನನ್ನದು. ಮರುಭೂಮಿಗೆ ಅಂತ ತಗೊಂಡಿದ್ದೆ. ಎರಡು ವರ್ಷದ ಹಿಂದೆ."

ಅವರು ಟೋಪಿಯನ್ನು ಮೆಲ್ಲಗೆ ಕೆಳಗಿಟ್ಟರು.

"ತಗೊಂಡು ಹೋಗಿ," ಎಂದೆ, ರಾಜ್ಯ ತ್ಯಾಗ ಮಾಡುವವರ ಗಾಂಭೀರ್ಯದಿಂದ. "ನಮ್ಮ ಮನೆಯಿಂದ ಟೋಪಿಯಾದರೂ ಲೋಕ ನೋಡಲಿ."

ಆಮೇಲೆ ಅವರು ನೀರು ಕುಡಿಯಲು ಹೋದಾಗ ಸಾಕ್ಸಿನೊಳಗೆ ರಬ್ಬರ್ ಹಲ್ಲಿ ಇಟ್ಟೆ.

ಜೂನ್ ೮

ಹೋದರು. ಮನೆ ಎಷ್ಟು ವಿಶಾಲವಾಗಿದೆ. ನೀಲಿ ಲೋಟದಲ್ಲಿ ಚಹಾ ಕುಡಿದೆ.

ಜೂನ್ ೧೯

ಚಹಾ ಕುಡಿಯುವ ಲೋಟದಿಂದ ಚಹಾದ ರುಚಿ ಬದಲಾಗುವುದಿಲ್ಲ ಎಂಬುದು ಈ ವಾರದ ಸಂಶೋಧನೆ.

ಅಮ್ಮ ಊಟಕ್ಕೆ ತಟ್ಟೆ ಇಡುವಾಗ ದಿನವೂ ಒಂದು ಹೆಚ್ಚು ಇಡುತ್ತಾಳೆ, ಆಮೇಲೆ ತೆಗೆಯುತ್ತಾಳೆ. ಹಿಂದೊಮ್ಮೆ ನಾನು ಎರಡು ವಾರ ಊರಲ್ಲಿ ಇಲ್ಲದಿದ್ದಾಗ ಇಟ್ಟಿದ್ದಳೇ ಎಂದು ಕೇಳಿದೆ. "ನೀನು ಇಲ್ದೇ ಇದ್ರೆ ಮನೆ ಶಾಂತವಾಗಿರತ್ತೆ, ಅದರಿಂದಲೇ ಗೊತ್ತಾಗತ್ತೆ," ಎಂದಳು. ಇದು ಉತ್ತರವೇ?

ಆಫೀಸಿನಲ್ಲಿ ತಮ್ಮ ಪೂರ್ವಿಕರು ಮಲಗಿರುವ ಫ್ರೀಜರಿನ ಬಾಗಿಲಿಗೆ ಹೊಸ ಬೋರ್ಡು ಅಂಟಿಸಿದ್ದೇನೆ: 'ಒಳಗೆ ತಪಸ್ಸು ನಡೆದಿದೆ. ಬಾಗಿಲು ಬಡಿದವರಿಗೆ ಶಾಪ ತಟ್ಟುತ್ತದೆ.' ದೊಡ್ಡ ಮೇಡಂ ಓದಿ ಮುಂದೆ ಹೋದರು. ಅತ್ತಿಗೆಯವರಾಗಿದ್ದರೆ ನಿಂತು, ಅಕ್ಷರದೋಷ ಹುಡುಕಿ, ಕೆಳಗೆ ಇನ್ನೊಂದು ಸಾಲು ಸೇರಿಸುತ್ತಿದ್ದರು. ಅವರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಟ.

ಜೂನ್ ೩೦

ಬಂದರು. ಮುಖ ಸುಟ್ಟ ಬದನೆಕಾಯಿ, ತುಟಿ ಒಡೆದ ನೆಲ, ಬೆರಳ ತುದಿಗಳಿಗೆಲ್ಲ ಪ್ಲಾಸ್ಟರ್. ಮಂಜುಗಡ್ಡೆ ತುಂಬಿದ ಡಬ್ಬಿಯನ್ನು ಮಗುವಿನಂತೆ ಎತ್ತಿಕೊಂಡು ಇಳಿದರು. ಅಣ್ಣ ತಬ್ಬಿಕೊಳ್ಳಲು ಹೋದರೆ, "ಮೊದಲು ಇದನ್ನ ಹಿಡಿ, ಓರೆ ಮಾಡಬೇಡ," ಎಂದರು. ಅಣ್ಣನ ಮುಖ ನೋಡಿ ನನಗೆ ಹಲವು ದಿನಗಳ ಮೇಲೆ ಹಸಿವಾಯಿತು.

ನನಗೊಂದು ಕಾಣಿಕೆ ತಂದಿದ್ದರು. ಬಿರಡೆ ಹಾಕಿ, ಮೇಣದಿಂದ ಮುಚ್ಚಿದ ಪುಟ್ಟ ಸೀಸೆ. ಒಳಗೆ ಏನೂ ಇಲ್ಲ. ಚೀಟಿಯಲ್ಲಿ: 'ಮರುಭೂಮಿಯ ಗಾಳಿ. ಕುಮಾರಿ ಕೋತಮ್ಮನವರ ಖಾಸಗಿ ಬಳಕೆಗೆ ಮಾತ್ರ. ಅಲುಗಾಡಿಸಬೇಡಿ.'

ನಾನು ನಗಲಿಲ್ಲ. ರೂಮಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಸ್ವಲ್ಪ ನಕ್ಕಿರಬಹುದು.

ಆದರೆ ಫೋಟೋಗಳನ್ನು ನೋಡಿದ ಮೇಲೆ ನಗು ಹೋಯಿತು. ಬೂದು ನೆಲ, ಬೂದು ಬೆಟ್ಟ, ಆಕಾಶ ಮಾತ್ರ ಮೈಮೇಲೆ ಬೀಳುವಷ್ಟು ನೀಲಿ. ತೋಡಿದ ಪ್ರತಿ ಗುಂಡಿಯ ಪಕ್ಕದಲ್ಲೂ ಅಳತೆ ತೋರಿಸಲು ನನ್ನ ರಬ್ಬರ್ ಹಲ್ಲಿ. ಕ ಗುಂಡಿಯ ಹಲ್ಲಿ, ಖ ಗುಂಡಿಯ ಹಲ್ಲಿ, ಗ ಗುಂಡಿಯಲ್ಲಿ ಹಲ್ಲಿಗೆ ಕಲ್ಲಿನ ದಿಂಬು. "ಬೇರೆಯವರೆಲ್ಲ ಪೆನ್ ಇಡ್ತಾರೆ," ಎಂದರು ಅತ್ತಿಗೆಯವರು. "ನಮ್ಮದು ಹಲ್ಲಿ ಅಳತೆ."

ನನ್ನ ಟೋಪಿ ಹೋಗಿ ಬಂತು. ನನ್ನ ಹಲ್ಲಿ ಹೋಗಿ ಬಂತು.

ಜುಲೈ ೧೧

ಎರಡು ವಾರದಿಂದ ಕೆಲಸವೇ ಕೆಲಸ. ಅತ್ತಿಗೆಯವರು ಮಣ್ಣನ್ನು ಉಪ್ಪುನೀರಿನಲ್ಲಿ ಕಲಸಿ, ಕುಲುಕಿ, ಬ್ಯಾಕ್ಟೀರಿಯಾ ಕೂಡ ದಾಟಲಾಗದಷ್ಟು ಸಣ್ಣ ಕಣ್ಣಿನ ಜರಡಿಯಲ್ಲಿ ಸೋಸುತ್ತಾರೆ. ತಾವು ಮಾತ್ರ ದಾಟುತ್ತೀರಿ. ಆ ತಿಳಿನೀರಿನ ಕೊಳವೆಗಳು ನನ್ನ ಕೈಗೆ ಬರುತ್ತವೆ. ತಮ್ಮ ಕವಚ ಬಿಚ್ಚಿ, ಡಿಎನ್‌ಎ ಹೊರತೆಗೆದು, ಓದುವ ಯಂತ್ರಕ್ಕೆ ಕಳಿಸುವವಳು ನಾನು. ಮಣ್ಣೆಲ್ಲ ಖರ್ಚಾಯಿತು, ಒಂದು ಚಿಟಿಕೆಯೂ ಉಳಿಯಲಿಲ್ಲ. ಅಷ್ಟು ದರಿದ್ರ ಮಣ್ಣು, ಬೊಗಸೆಯಷ್ಟನ್ನು ಸೋಸಿದರೆ ಕಣ್ಣಿಗೆ ಕಾಣದ ಒಂದು ಹನಿ ಡಿಎನ್‌ಎ.

ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ, ಒಂದೇ ಬಸ್ಸಿನಲ್ಲಿ ಬರುತ್ತೇವೆ. ಅವರು ಕಿಟಕಿ ಪಕ್ಕ.

ಜುಲೈ ೨೪

ಬೆಟ್ಟ ಅಗೆದವರಿಗೆ ಇಲಿಯ ಬದಲು ಆನೆ ಸಿಕ್ಕಿದೆ.

ಓದುವ ಯಂತ್ರದಿಂದ ಫಲಿತಾಂಶ ಬಂತು. ಹತ್ತರಲ್ಲಿ ಒಂಬತ್ತು ವೈರಾಣುಗಳ ಗುರುತು ಲೋಕದ ಯಾವ ಪಟ್ಟಿಯಲ್ಲೂ ಇಲ್ಲ. ನಾಲ್ಕು ಹೆಜ್ಜೆ ದೂರದ ಎರಡು ಗುಂಡಿಗಳಲ್ಲಿ ಬೇರೆ ಬೇರೆ ಜನ. ಅವರ ನಡುವೆ ಒಂದು ಗುಂಪು ಮಾತ್ರ ಮೂರೂ ಗುಂಡಿಗಳಲ್ಲಿ ಸಿಕ್ಕಿದೆ. ಒಬ್ಬರಿಗೊಬ್ಬರು ದಾಯಾದಿಗಳು, ಹೊರಗಿನ ಯಾರಿಗೂ ನೆಂಟರಲ್ಲ. ಹೊಸ ವಂಶ.

ದೊಡ್ಡ ಮೇಡಂ ಕುರ್ಚಿಯಿಂದ ಎದ್ದು ಅತ್ತಿಗೆಯವರ ಎರಡೂ ಕೈ ಹಿಡಿದರು. ನನ್ನ ಕಡೆ ತಿರುಗಿ, "ನೀನೂ ಕೊಳವೆಗಳನ್ನ ಚೆನ್ನಾಗಿ ತೊಳೆದಿದ್ದೀಯ," ಎಂದರು. ಚಳಿಗಾಲಕ್ಕೆ ದಾರಿ ಮುಚ್ಚುವ ಮುನ್ನ ಸೆಪ್ಟೆಂಬರಿನಲ್ಲಿ ಇನ್ನೊಂದು ಸಲ ಮಣ್ಣು ತರಬೇಕಂತೆ. ಸೀಟು ಒಂದೇ. ಯಾರು ಹೋಗಬೇಕು ಎಂದು ಯಾರೂ ಕೇಳಲೂ ಇಲ್ಲ.

ಮನೆಯಲ್ಲಿ ಅಮ್ಮ ಅಕ್ಕಪಕ್ಕದವರಿಗೆ ಫೋನ್ ಮಾಡಿ, "ನಮ್ಮ ಸೊಸೆ ಹೊಸ ವೈರಸ್ ಕಂಡುಹಿಡಿದಿದ್ದಾಳೆ, ಇಲ್ಲ ಇಲ್ಲ, ಹೆದರಬೇಡಿ, ಅದು ಮನುಷ್ಯರಿಗೆ ಬರಲ್ಲ," ಎಂದು ವಿವರಿಸುತ್ತಿದ್ದಳು. ಎರಡು ವರ್ಷದಿಂದ ನಾನೇನು ಕೆಲಸ ಮಾಡುತ್ತೇನೆ ಎಂದು ಯಾರಾದರೂ ಕೇಳಿದರೆ, "ಏನೋ ಮಣ್ಣು ತೊಳೀತಾಳೆ," ಎನ್ನುತ್ತಿದ್ದವಳು ಇವಳೇ.

ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದ ಘಾಟು. ತಮ್ಮಿಂದ ಮುಚ್ಚಿಡುವುದೇನಿದೆ.

ಜುಲೈ ೨೬

ಮಹಾಪ್ರಭುಗಳೇ, ನಗಾರಿ ಬಾರಿಸಿ.

ಬ್ಲಾಂಕ್ ಎಂದರೆ ಏನೆಂದು ತಮಗೆ ತಿಳಿದಿರಲಿ. ಮಣ್ಣೇ ಹಾಕದ ಕೊಳವೆ. ಮಣ್ಣಿನ ಕೊಳವೆಗಳು ಪಡುವ ಪಾಡನ್ನೆಲ್ಲ ಅದೂ ಪಡಬೇಕು. ಆ ಬಯಲಿನ ಗಾಳಿಗೆ ಬಾಯಿ ತೆರೆದು ಮುಚ್ಚಬೇಕು, ಜೀಪಿನಲ್ಲಿ ಕುಲುಕಬೇಕು, ಸೋಸಿಸಿಕೊಳ್ಳಬೇಕು. ಕೊನೆಗೆ ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ಅದು ಮರುಭೂಮಿಯದಲ್ಲ. ನಮ್ಮ ಕೈಯದು, ನಮ್ಮ ಸಿಂಕಿನದು. ನಮ್ಮ ಪ್ರಯೋಗಾಲಯದಲ್ಲಿ ಬ್ಲಾಂಕಿಗೆ ಹಿಂದಿನಿಂದಲೂ ಸೊನ್ನೆ ಎಂದು ಬರೆಯುವುದು ರೂಢಿ.

ಅತ್ತಿಗೆಯವರು ಒಟ್ಟು ಫಲಿತಾಂಶ ನೋಡಿದ್ದರು. ಕೊಳವೆ ಕೊಳವೆಯಾಗಿ ಬಿಡಿಸಿ ನೋಡುವುದು ನನ್ನ ಪಾಲಿನ ಕೂಲಿ. ಪ್ರತಿ ಗುಂಡಿಗೂ ಮೂರು ಕೊಳವೆ: ಸೊನ್ನೆ, ಹತ್ತು, ಇಪ್ಪತ್ತು. ಹತ್ತು, ಇಪ್ಪತ್ತು ಎಂದರೆ ಅಷ್ಟು ಸೆಂಟಿಮೀಟರ್ ಆಳದ ಮಣ್ಣು. ಸೊನ್ನೆ ಬ್ಲಾಂಕ್. 'ಖಾ' ಎಂದು ಬರೆದ ಒಂಟಿ ಕೊಳವೆಯೂ ಒಂದಿತ್ತು; ಖ ಗುಂಡಿಯದೇ ಇರಬೇಕು, ಏನೂ ಬಂದಿಲ್ಲ, ಎಲ್ಲೋ ಎಡವಟ್ಟು ಮಾಡಿದ್ದಾರೆ.

ಆ ಹೊಸ ವಂಶದವರು ಎಲ್ಲಿದ್ದಾರೆ ಗೊತ್ತೇ? ಹತ್ತರಲ್ಲಿ ಒಂದಿಷ್ಟು. ಇಪ್ಪತ್ತರಲ್ಲಿ ಇಲ್ಲವೇ ಇಲ್ಲ. ಮೂರೂ ಸೊನ್ನೆಗಳಲ್ಲಿ ಕಿಕ್ಕಿರಿದು ತುಂಬಿದ್ದಾರೆ.

ಎರಡು ಸಲ ನೋಡಿದೆ. ಬ್ಲಾಂಕಿನಲ್ಲಿ ಜಾತ್ರೆ. ಅಂದರೆ ಇವರು ಮರುಭೂಮಿಯ ಅತಿಥಿಗಳಲ್ಲ, ಅತ್ತಿಗೆಯವರ ಬೆರಳಿನ ನೆಂಟರು.

ಇವತ್ತು ಬಸ್ಸಿನಲ್ಲಿ ಅವರಿಗೇ ಹೇಳಿಬಿಡಬಹುದಿತ್ತು. ಪಕ್ಕದಲ್ಲೇ ಕೂತಿದ್ದರು. ಆದರೆ ವಿಜ್ಞಾನ ಸಭೆಯಲ್ಲಿ ಮಾತಾಡಬೇಕು, ಬಸ್ಸಿನಲ್ಲಲ್ಲ. ಇದು ಶಿಸ್ತಿನ ಪ್ರಶ್ನೆ.

ಜುಲೈ ೨೮

ಹೇಳಿದೆ.

ಭಾಷಣ ಚೆನ್ನಾಗಿತ್ತು. "ಮಾನ್ಯರೇ, ಶೂನ್ಯದಿಂದ ಸೃಷ್ಟಿಯಾಯಿತು ಎಂದು ಹಿರಿಯರು ಹೇಳುವುದನ್ನು ಕೇಳಿದ್ದೆ, ನಮ್ಮ ಪ್ರಯೋಗಾಲಯದಲ್ಲಿ ಕಣ್ಣಾರೆ ಕಂಡೆ," ಎಂದು ಆರಂಭಿಸಿದೆ. ಇಬ್ಬರು ನಕ್ಕರು. ಆಮೇಲೆ, ಬ್ಲಾಂಕಿನ ತುಂಬ ಹೊಸ ವಂಶದವರೇ ಇದ್ದಾರೆ ಎಂದೆ. ಯಾರೂ ನಗಲಿಲ್ಲ.

ದೊಡ್ಡ ಮೇಡಂ ಕನ್ನಡಕ ತೆಗೆದರು, ಹಾಕಿಕೊಂಡರು. "ನೀನು ಸರಿಯಾಗಿ ನೋಡಿದ್ದೀಯಾ?"

"ಎರಡು ಸಲ, ಮೇಡಂ."

ಅತ್ತಿಗೆ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಉತ್ತರಗಳನ್ನೂ ತಯಾರಿಸಿಕೊಂಡಿದ್ದೆ, ನಾಲ್ಕೈದು ಬಹಳ ಸೊಗಸಾಗಿದ್ದವು. ಅವರು ತಮ್ಮ ಕೈ ನೋಡಿಕೊಂಡು, "ಅಲ್ಲಿ ಬೆರಳೆಲ್ಲ ಒಡೆದಿತ್ತು. ಕೈಗವಸು ಎರಡು ಸಲ ಹರೀತು," ಎಂದರು. ಆಮೇಲೆ ಮೇಡಂ ಕಡೆ ತಿರುಗಿ, "ಇವಳು ನೋಡಿದ್ದಾಳೆ ಅಂದ್ರೆ ಸರಿಯೇ ಇರತ್ತೆ. ಎಲ್ಲಾ ತೆಗೆದುಹಾಕಿ," ಎಂದರು.

ತಾವೂ ಒಮ್ಮೆ ನೋಡಬೇಕು ಎನ್ನಲಿಲ್ಲ.

ಆಗಸ್ಟ್ ೧

ಸೆಪ್ಟೆಂಬರಿನ ಸೀಟು ನನ್ನದು. ಹೊಸ ಮಣ್ಣು, ಶುದ್ಧವಾದ ಕೈಯಿಂದ ತರಬೇಕು ಎಂದರು ಮೇಡಂ. ಗೆದ್ದೆ.

ಅತ್ತಿಗೆ ನನ್ನ ಟೋಪಿಯನ್ನು ಒಗೆದು ಒಣಗಿಸಿ ಮಂಚದ ಮೇಲೆ ಇಟ್ಟಿದ್ದಾರೆ.

ಆಗಸ್ಟ್ ೬

ಅವರ ಪಾಡಿಗೆ ಅವರಿದ್ದಾರೆ. ಊಟ ಮಾಡುತ್ತಾರೆ, ಆಫೀಸಿಗೆ ಬರುತ್ತಾರೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಕೈ ಮಾತ್ರ ಮೇಲಿಂದ ಮೇಲೆ ತೊಳೆಯುತ್ತಾರೆ. ಅಡುಗೆಮನೆಯಲ್ಲಿ ತೊಳೆದು, ಬಚ್ಚಲಿಗೆ ಹೋಗಿ ಮತ್ತೆ ತೊಳೆಯುತ್ತಾರೆ. "ಸೋಪು ಒಂದೇ ವಾರಕ್ಕೆ ಕರಗಿ ಹೋಯ್ತಲ್ಲೇ," ಎಂದಳು ಅಮ್ಮ.

ಅಣ್ಣ ಬಾಗಿಲಲ್ಲಿ ನನ್ನನ್ನು ತಡೆದ. "ಏನು ಮಾಡಿದೆ ಅವಳಿಗೆ?"

"ವಿಜ್ಞಾನ ಮಾಡಿದೆ."

"ಎಲ್ಲದಕ್ಕೂ ಒಂದು ನಾಟಕ ನಿನ್ನದು," ಎಂದು ಹೋದ.

ಇವತ್ತು ಅವರ ಕುರ್ಚಿಗೆ, 'ಈ ಆಸನದಲ್ಲಿ ಆಸೀನರಾಗುವವರು ಮೊದಲು ಮುಗುಳ್ನಕ್ಕು ಪ್ರವೇಶಶುಲ್ಕ ತೆರಬೇಕು' ಎಂದು ಬೋರ್ಡು ಹಚ್ಚಿದೆ. 'ಪ್ರವೇಶಶುಲ್ಕ'ವನ್ನು ಬೇಕೆಂದೇ ತಪ್ಪಾಗಿ ಬರೆದಿದ್ದೆ. ಅವರು ಓದಿದರು, ಕುಳಿತರು. ತಪ್ಪನ್ನು ತಿದ್ದಲಿಲ್ಲ.

ಎಂಥ ಸೊಕ್ಕು.

ಆಗಸ್ಟ್ ೧೦

ಭಾನುವಾರ. ಬಾಲ್ಕನಿಯಲ್ಲಿ ಕೂತು ಮರುಭೂಮಿಗೆ ಏನೇನು ಒಯ್ಯಬೇಕು ಎಂದು ಯೋಚಿಸುತ್ತಿದ್ದೆ. ಅತ್ತಿಗೆ ಚಮಚ ಹಿಡಿದು ಬಂದು ಪಕ್ಕದಲ್ಲಿ ಕೂತರು. ಹೂಕುಂಡ ಎಳೆದುಕೊಂಡರು.

"ಬಾ, ತೋರಿಸ್ತೀನಿ. ಅಲ್ಲಿಗೆ ಹೋದ್ಮೇಲೆ ಯಾರನ್ನ ಕೇಳ್ತೀಯ. ಕೈ ಮರಗಟ್ಟಿರತ್ತೆ, ತಲೆ ಓಡಲ್ಲ, ಎಲ್ಲ ಮೊದಲೇ ರೂಢಿ ಆಗಿರಬೇಕು."

"ಬೇಡ ಬಿಡಿ ಅತ್ತಿಗೆ, ಪುಸ್ತಕದಲ್ಲಿ ಇದೆ."

"ಪುಸ್ತಕಕ್ಕೆ ಚಳಿ ಆಗಲ್ಲ. ನೋಡು. ಮೊದಲು ಸೊನ್ನೆ ತಗೋ. ಗುಂಡಿ ತೋಡೋಕೆ ಮುಂಚೆನೇ. ಆವಾಗ ಉಸಿರು ಬಿಗಿ ಹಿಡ್ಕೋ, ಇಲ್ಲಾಂದ್ರೆ ಪುಡಿ ಹಾರಿಹೋಗತ್ತೆ."

"ಸೊನ್ನೆಯಲ್ಲಿ ಪುಡಿನಾ?"

"ಮತ್ತೆ? ಆಳ ಸೊನ್ನೆ. ಮೇಲಿನ ಸಿಪ್ಪೆ." ಚಮಚದ ತುದಿಯಿಂದ ಕುಂಡದ ಒಣಮಣ್ಣಿನ ತೆಳುಪದರವನ್ನು ಹಪ್ಪಳದಂತೆ ಎತ್ತಿ ತೋರಿಸಿದಳು. "ಇದು ಸೊನ್ನೆ. ಆಮೇಲೆ ಹತ್ತು. ಆಮೇಲೆ ಇಪ್ಪತ್ತು."

ಕೆಳಗಡೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಬ್ಲಾಂಕಿಗೆ ಏನಂತ ಬರೀತೀರಿ?"

"ಖಾ. ಖಾಲಿ ಅಂತ. ಅಲ್ಲಿ ಕೈ ನಡುಗ್ತಾ ಇರತ್ತೆ, ಪೂರ್ತಿ ಬರೆಯೋಕಾಗಲ್ಲ. ಇಡೀ ಪ್ರಯಾಣಕ್ಕೆ ಒಂದೇ." ಮಣ್ಣಿನ ಹಪ್ಪಳವನ್ನು ಮೆಲ್ಲಗೆ ಸ್ವಸ್ಥಾನಕ್ಕೆ ಇಟ್ಟಳು. "ನೀನೇ ನೋಡಿದ್ದೀಯಲ್ಲ ಅದನ್ನ."

"ಹೂಂ," ಎಂದೆ.

ಆಗಸ್ಟ್ ೧೧

ಇವತ್ತು ಬರೆಯುವಂಥದ್ದೇನೂ ಇಲ್ಲ.

ಆಗಸ್ಟ್ ೧೨

ಮಹಾಪ್ರಭುಗಳ ಅವಗಾಹನೆಗೆ ಕೆಲವು ವಾದಗಳು.

ಸೊನ್ನೆ ಎಂದರೆ ಬ್ಲಾಂಕ್ ಎಂಬುದು ನಮ್ಮ ಪ್ರಯೋಗಾಲಯದ ಪದ್ಧತಿ. ಪದ್ಧತಿ ತಿಳಿಯದೆ ಬಂದವರದು ತಪ್ಪು. 'ಖಾ' ಎಂದು ಅರ್ಧಂಬರ್ಧ ಬರೆದರೆ ಖ ಗುಂಡಿ ಎಂದು ಯಾರಿಗಾದರೂ ಅನಿಸುತ್ತದೆ. ಹೇಗೂ ಹೊಸ ಮಣ್ಣು ಬರುತ್ತದೆ, ಆ ವಂಶದವರು ಅಲ್ಲಿದ್ದರೆ ಮತ್ತೆ ಸಿಗುತ್ತಾರೆ, ಆಗ ಸತ್ಯ ತಾನಾಗಿ ಹೊರಬರುತ್ತದೆ, ಅವರನ್ನು ಕಂಡುಹಿಡಿದವಳು ನಾನಾಗಿರುತ್ತೇನೆ ಎಂಬುದು ಕೇವಲ ಆಕಸ್ಮಿಕ.

ವಾದಗಳು ಬಹಳ ಗಟ್ಟಿಯಾಗಿವೆ. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕದ ಸೀಟನ್ನು ನನಗೆ ಬಿಟ್ಟುಕೊಟ್ಟಳು. "ನೀನೇ ಕೂತ್ಕೋ, ನನಗೆ ಹೊರಗೆ ನೋಡೋದೇನಿಲ್ಲ," ಎಂದಳು.

ಇಡೀ ದಾರಿ ನಾನೂ ಹೊರಗೆ ನೋಡಲಿಲ್ಲ.

ಆಗಸ್ಟ್ ೧೩

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಹಗ್ಗದ ಈಚೆ ನಾನು, ಆಚೆ ಅವಳು, ನಡುವೆ ಅಣ್ಣನ ಲುಂಗಿ. ಮುಖ ಕಾಣದಿದ್ದದ್ದು ಒಳ್ಳೆಯದಾಯಿತು. ಒಂದೇ ಉಸಿರಿನಲ್ಲಿ ಹೇಳಿದೆ. ಸೊನ್ನೆ, ಬ್ಲಾಂಕ್, ಖಾ, ಖ, ಎಲ್ಲ.



"ಯಾವಾಗ ಗೊತ್ತಾಯ್ತು?"

"ಭಾನುವಾರ. ಹೂಕುಂಡ."

"ಅದಲ್ಲ." ಅವಳು ಲುಂಗಿಯನ್ನು ಪಕ್ಕಕ್ಕೆ ಸರಿಸಿದಳು. ಅವಳ ಮುಖ ಹಾಗಿದ್ದದ್ದನ್ನು ನಾನು ಎಂದೂ ನೋಡಿರಲಿಲ್ಲ. "ಸೊನ್ನೆಯಲ್ಲಿ ಅಷ್ಟೊಂದು ಇವೆ ಅಂತ ಯಾವಾಗ ಗೊತ್ತಾಯ್ತು?"

"ಸಭೆಗೆ ಎರಡು ದಿನ ಮುಂಚೆ."

"ಎರಡು ದಿನ. ಅಡುಗೆಮನೆಗೂ ನಿನ್ನ ರೂಮಿಗೂ ಎಷ್ಟು ದೂರ ಕಣೇ? 'ಅತ್ತಿಗೆ, ಸೊನ್ನೆ ಅಂದ್ರೇನು?' ಇಷ್ಟು ಕೇಳೋಕೆ ಆಗಲಿಲ್ವಾ ನಿನಗೆ?"

ಆಗುತ್ತಿತ್ತು.

"ಎರಡು ವಾರದಿಂದ ನನ್ನ ಕೈ ನನಗೇ ಅಸಹ್ಯ ಆಗಿಬಿಟ್ಟಿದೆ. ಅನ್ನ ಕಲಸೋಕೂ ಮನಸ್ಸಿಲ್ಲ. ಹನ್ನೆರಡು ವರ್ಷ ಇದೇ ಕೆಲಸ ಮಾಡಿದ ಕೈ ಇದು." ಕೈಗಳನ್ನು ನನ್ನ ಮುಂದೆ ಚಾಚಿದಳು. ಸೋಪಿನಲ್ಲಿ ತೊಳೆದು ತೊಳೆದು ಬೆರಳುಗಳು ಮರುಭೂಮಿಯಿಂದ ಬಂದ ದಿನಕ್ಕಿಂತ ಹೆಚ್ಚು ಒಡೆದಿದ್ದವು.

"ಬೈದುಬಿಡು," ಎಂದೆ.

"ಬೈಯಲ್ಲ ಹೋಗು. ಬೈದ್ರೆ ನಿನಗೆ ಹಗುರ ಆಗತ್ತೆ."

ಬಕೆಟ್ ಎತ್ತಿಕೊಂಡು ಕೆಳಗಿಳಿದಳು. ಮೆಟ್ಟಿಲ ತಿರುವಿನಲ್ಲಿ ನಿಂತು, ನನ್ನ ಕಡೆ ನೋಡದೆ ಹೇಳಿದಳು: "ಖಾಲಿ ಅಂತ ನಾನೂ ಪೂರ್ತಿ ಬರೀಬೇಕಿತ್ತು."

ನಾನು ಉಳಿದ ಬಟ್ಟೆಗಳನ್ನು ಒಣಹಾಕಿದೆ. ಎಲ್ಲವನ್ನೂ, ಸಾಕ್ಸುಗಳನ್ನೂ, ಜೋಡಿ ಜೋಡಿಯಾಗಿ.

ಆಗಸ್ಟ್ ೧೪

ಸಭೆ ಕರೆಸಿ ಎಲ್ಲರ ಮುಂದೆ ಹೇಳಿದೆ. ಭಾಷಣ ಮಾಡಲಿಲ್ಲ. ಪರದೆಯ ಮೇಲೆ ಖಾ ಕೊಳವೆಯ ಫಲಿತಾಂಶ ತೋರಿಸಿದೆ: ಏನೂ ಇಲ್ಲ, ಪಳಪಳ ಸ್ವಚ್ಛ. ಅತ್ತಿಗೆಯ ಕೈಯಷ್ಟು ಶುದ್ಧವಾದ ಕೈ ಈ ಕಟ್ಟಡದಲ್ಲಿ ಇಲ್ಲ ಎಂದೆ.

ತಪ್ಪು ಕಳೆದ ಮೇಲೆ ಕಥೆ ಮೊದಲಿಗಿಂತ ದೊಡ್ಡದಾಗಿದೆ. ಆ ಹೊಸ ವಂಶದವರು ಹೆಚ್ಚಾಗಿ ನೆಲದ ಸಿಪ್ಪೆಯಲ್ಲೇ ಇರುವವರು. ಬಿಸಿಲು, ಹಿಮ, ಉಪ್ಪು ಎಲ್ಲ ಮೊದಲು ಬಡಿಯುವುದು ಅಲ್ಲಿಗೆ. ಬೆರಳ ಆಳ ಇಳಿದರೆ ಬೆಚ್ಚಗಿರಬಹುದು, ಆದರೂ ಹೆಚ್ಚಿನವರು ಇಳಿಯುವುದಿಲ್ಲ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಮೇಡಂ ಕನ್ನಡಕ ಒರೆಸುವುದನ್ನೇ ಮರೆತರು.

ಆಮೇಲೆ ನನ್ನ ಭುಜದ ಮೇಲೆ ಕೈ ಇಟ್ಟು, "ತಪ್ಪು ಎಲ್ಲರೂ ಮಾಡ್ತಾರೆ. ಎದ್ದು ನಿಂತು ಹೇಳೋರು ಕಡಿಮೆ. ಪ್ರಾಮಾಣಿಕತೆ ಅಂದ್ರೆ ಇದು," ಎಂದರು. ಸೆಪ್ಟೆಂಬರಿನ ಸೀಟು ಅತ್ತಿಗೆಗೆ ಎಂದೂ ಅದೇ ಉಸಿರಿನಲ್ಲಿ ಹೇಳಿದರು.

ಸೀಟು ಹೋದ ದುಃಖಕ್ಕೆ ಇಡೀ ದಿನ ಕಾದೆ. ಇನ್ನೂ ಬಂದಿಲ್ಲ. ಬಸ್ಸು ತಪ್ಪಿರಬೇಕು.

ಆಗಸ್ಟ್ ೨೨

ಇವತ್ತು ಊಟದ ಹೊತ್ತಿಗೆ ಅತ್ತಿಗೆ ನನ್ನ ಮುಂದೆ ನೀಲಿ ಲೋಟ ಇಟ್ಟು ಹೋದಳು. ಕುಡಿಯಲು ಎತ್ತಿದರೆ ಒಳಗೆ ರಬ್ಬರ್ ಹಲ್ಲಿ. ನಾನು ಕೂಗಿದ ಕೂಗಿಗೆ ಅಮ್ಮ ಸೌಟು ಹಿಡಿದು ಓಡಿಬಂದಳು.

ಅಡುಗೆಮನೆಯ ಬಾಗಿಲಲ್ಲಿ ಅತ್ತಿಗೆ ಸೆರಗು ಬಾಯಿಗೆ ತುರುಕಿಕೊಂಡು ಗೋಡೆಗೆ ಒರಗಿದ್ದಳು. ನಕ್ಕು ನಕ್ಕು ಕೆಳಗೆ ಕೂತೇಬಿಟ್ಟಳು. ಕ್ಷಮಿಸಿದ್ದಾಳೆಯೋ ಇಲ್ಲವೋ ಕೇಳಲಿಲ್ಲ. "ಇದು ಕಂತು ಅಷ್ಟೇ," ಎಂದಳು ಕಣ್ಣೊರೆಸಿಕೊಂಡು. "ಇನ್ನೂ ಬಾಕಿ ಇದೆ ನಿನಗೆ."

ಎಷ್ಟು ಕಂತು ಬಾಕಿ ಇದ್ದರೂ ನನ್ನ ಅಭ್ಯಂತರವಿಲ್ಲ ಎಂದು ಅಧಿಕೃತವಾಗಿ ದಾಖಲಿಸುತ್ತೇನೆ.

ಸೆಪ್ಟೆಂಬರ್ ೩

ಬೆಳಗ್ಗೆ ಹೊರಟಳು. ಜೀಪು ಬರುವ ಮೊದಲು ಅಣ್ಣನಿಗೂ ನನಗೂ ಚೀಲ ಯಾರು ಹೊರಬೇಕು ಎಂದು ಸಣ್ಣ ಯುದ್ಧ ನಡೆಯಿತು. ಗಂಡ ಎಂಬ ಒಂದೇ ಕಾರಣಕ್ಕೆ ಅವನಿಗೆ ದೊಡ್ಡ ಚೀಲ ಸಿಕ್ಕಿತು. ಎಂಥ ಪಕ್ಷಪಾತ. ಕೊಳವೆಗಳ ಮೇಲೆಲ್ಲ ಹೆಸರು ಬರೆದವಳು ನಾನು: 'ಮೇಲ್ಸಿಪ್ಪೆ' ಎಂದು, 'ಖಾಲಿ' ಎಂದು, ಕುರುಡರಿಗೂ ಕಾಣುವಷ್ಟು ದಪ್ಪಗೆ. ಟೋಪಿ ಅವಳ ತಲೆಗೆ ಹಾಕಿ, ಕಿವಿ ಮುಚ್ಚುವವರೆಗೆ ಎಳೆದೆ.

"ಏನು ತರಲಿ ನಿನಗೆ?" ಎಂದಳು.

"ಗಾಳಿ ಮುಗಿದಿದೆ."

ಜೀಪು ತಿರುವು ದಾಟುವ ತನಕ ಅಣ್ಣ ಕೈ ಬೀಸಿದ. ನಾನೂ ಬೀಸಿದೆ. ಅವಳು ಯಾರಿಗೆ ಬೀಸಿದಳು ಎಂಬ ಬಗ್ಗೆ ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯವಿದೆ.

ಮಹಾಪ್ರಭುಗಳೇ, ತಮ್ಮ ಮೇಲೆ ನನಗೆ ಈಗ ಸ್ವಲ್ಪ ಅಸಮಾಧಾನವಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಮೂರು ವಾರ ಅವಳು ತಮ್ಮ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಚಮಚದ ತುದಿಯಿಂದ ತಮ್ಮನ್ನು ಎತ್ತುತ್ತಾಳೆ. ತಾವು ಅದಕ್ಕೆ ಏನು ಪುಣ್ಯ ಮಾಡಿದ್ದೀರಿ? ತಮಗೆ ಉಸಿರೂ ಇಲ್ಲ.

ಇವತ್ತು ಸಂಜೆ ಅವಳು ತಂಗುವ ಊರೇ ಫೋನ್ ಸಿಗುವ ಕೊನೆಯ ಊರು. ನಾಳೆಯಿಂದ ಗುಡ್ಡದ ಆಚೆ, ಏನೂ ಸಿಗುವುದಿಲ್ಲ. ತಲುಪಿದ ಸುದ್ದಿಯನ್ನು ಅಣ್ಣನಿಗೆ ಹೇಳುತ್ತಾಳೆ. ಅಮ್ಮನ ಜೊತೆ ಮಾತಾಡುತ್ತಾಳೆ. ಅಷ್ಟಕ್ಕೆ ಫೋನ್ ಇಟ್ಟರೂ ಇಟ್ಟಳು.

ಮೇಡಂ ಸಭೆಯಲ್ಲಿ ಹೊಗಳಿದ ಆ ಪ್ರಾಮಾಣಿಕತೆಯ ಮೂರ್ತಿ ತಮ್ಮ ಸನ್ನಿಧಿಯಲ್ಲಿ ಇನ್ನೊಂದು ಅರಿಕೆ ಮಾಡಿಕೊಳ್ಳಬೇಕಿದೆ. ಬೆಳಗ್ಗೆ ಚೀಲಗಳನ್ನು ಹೊರಗೆ ಸಾಗಿಸುವ ಗಲಾಟೆಯಲ್ಲಿ ಅವಳ ಬಾಚಣಿಗೆಯನ್ನು ಕದ್ದಿದ್ದೇನೆ. ಈಗ ನನ್ನ ದಿಂಬಿನ ಕೆಳಗಿದೆ. ಅಷ್ಟುದ್ದ ಕೂದಲು, ಅಷ್ಟು ಗಾಳಿ. ಸಂಜೆ ಫೋನ್ ಮಾಡಿದಾಗ ಬಾಚಣಿಗೆ ಎಲ್ಲಿ ಎಂದು ಯಾರನ್ನಾದರೂ ಕೇಳಲೇಬೇಕು. ಅವಳ ವಸ್ತು ಕಾಣೆಯಾದರೆ ಈ ಮನೆಯಲ್ಲಿ ಅವಳು ಮೊದಲು ಅನುಮಾನಪಡುವುದು ನನ್ನನ್ನೇ.